ಮುಳುಗಿದ ಇಂದಿರಾ ಪಾಯಿಂಟ್, ಮೇಲೆದ್ದ ಇಂಟರ್‌ವ್ಯೂ ದ್ವೀಪ

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶಾಲೆಯ ಭೂಗೋಳ ಪುಸ್ತಕದಲ್ಲಿ ಭೂಕಂಪ ಮತ್ತು ಜ್ವಾಲಾಮುಖಿ ವಲಯಗಳ ನಕ್ಷೆಯನ್ನು ನೀವೆಲ್ಲ ನೋಡಿದ್ದೀರಿ. ಪೆಸಿಫಿಕ್ ಸಾಗರದ ಸುತ್ತ ಕೆಂಪು ಪಟ್ಟಿ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಭೂಫಲಕಗಳ ಅಂಚಿನಲ್ಲಿ ನೆಲ ನಡುಗುತ್ತದೆ, ಬೆಟ್ಟ ಸಿಡಿಯುತ್ತದೆ ಎಂದು ಬರೆದರೆ ಎರಡೂ ಅಂಕ ನಿಮ್ಮವು. ಉತ್ತರ ತಪ್ಪೇನಲ್ಲ. ಆದರೆ ಆ ಪಟ್ಟಿಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ದೊಡ್ಡ ಭೂಕಂಪಗಳ ಚುಕ್ಕಿಗಳು ಒಂದು ಸಾಲಿನಲ್ಲಿವೆ, ಜ್ವಾಲಾಮುಖಿಗಳ ತ್ರಿಕೋನಗಳು ಇನ್ನೊಂದು ಸಾಲಿನಲ್ಲಿವೆ. ಎರಡು ಸಾಲುಗಳೂ ಸಮಾನಾಂತರವಾಗಿ ಸಾಗುತ್ತವೆ, ನಡುವೆ ನೂರಿನ್ನೂರು ಕಿಲೋಮೀಟರ್ ಅಂತರ. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಅಂತರದ ಬಗ್ಗೆ.

ಇದಕ್ಕಾಗಿ ಜಪಾನಿಗೋ ಚಿಲಿಗೋ ಹೋಗಬೇಕಾಗಿಲ್ಲ. ನಮ್ಮ ದೇಶದ ಗಡಿಯೊಳಗೇ ಅಂಥ ಒಂದು ಅಂಚು ಇದೆ. ಮ್ಯಾನ್ಮಾರ್ ಕರಾವಳಿಯಿಂದ ಹೊರಟು ಅಂಡಮಾನ್, ನಿಕೋಬಾರ್, ಸುಮಾತ್ರಾ, ಜಾವಾಗಳ ಬದಿಯಲ್ಲಿ ಬಾಗುತ್ತಾ ಸುಂಬಾ ದ್ವೀಪದವರೆಗೆ ಹೋಗುವ ಸುಮಾರು 5,000 ಕಿ.ಮೀ. ಉದ್ದದ ಕಮಾನು ಅದು. ನಾವು ಕುಳಿತಿರುವ ಭಾರತ ಫಲಕವೂ ಅದರ ಜೊತೆಗಾರನಾದ ಆಸ್ಟ್ರೇಲಿಯಾ ಫಲಕವೂ ಇಲ್ಲಿ ಬಗ್ಗಿ, ಆಗ್ನೇಯ ಏಷ್ಯಾದ ಅಡಿಗೆ ನುಗ್ಗುತ್ತವೆ. ಜಾವಾದ ಎದುರಿಗೆ ವರ್ಷಕ್ಕೆ ಆರೇಳು ಸೆಂಟಿಮೀಟರಿನಂತೆ ಹೆಚ್ಚುಕಡಿಮೆ ನೇರವಾಗಿ, ಸುಮಾತ್ರಾದ ಎದುರಿಗೆ ಓರೆಯಾಗಿ ನುಗ್ಗುತ್ತವೆ. ಅಂಡಮಾನ್ ತಲುಪುವ ಹೊತ್ತಿಗೆ ಕೆಳಗಿಳಿಯುವುದಕ್ಕಿಂತ ಪಕ್ಕಕ್ಕೆ ಉಜ್ಜಿಕೊಂಡು ಹೋಗುವುದೇ ಹೆಚ್ಚು. ಫಲಕ ಬಗ್ಗುವ ಜಾಗದಲ್ಲಿ ಸಮುದ್ರದ ತಳ ಉದ್ದಕ್ಕೂ ಕಂದಕವಾಗಿದೆ. ಅದನ್ನು ಸುಂದಾ ಕಂದಕ ಎನ್ನುತ್ತಾರೆ. ಜಾವಾದ ದಕ್ಷಿಣಕ್ಕೆ ಅದರ ಆಳ ಏಳು ಕಿ.ಮೀ. ದಾಟುತ್ತದೆ.

ನೆಲದೊಳಗೆ ಫಲಕ ಇಳಿಯುತ್ತಿದೆ ಎನ್ನುವುದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅದನ್ನು ಮೊದಲು ಕಿವಿಗೊಟ್ಟು ಕಂಡುಕೊಂಡವರಲ್ಲಿ ಜಪಾನಿನ ಕಿಯೂ ವಡಾಟಿ ಮುಖ್ಯರು. 1920ರ ದಶಕದ ಕೊನೆಯಲ್ಲಿ ಅವರು ಭೂಕಂಪಮಾಪಕಗಳ ದಾಖಲೆಗಳನ್ನು ಹೋಲಿಸುತ್ತಾ, ಕೆಲವು ಕಂಪನಗಳು ಮುನ್ನೂರು ಕಿ.ಮೀ.ಗಿಂತಲೂ ಆಳದಲ್ಲಿ ಹುಟ್ಟುತ್ತವೆ ಎಂದು ತೋರಿಸಿದರು. ಪೆಸಿಫಿಕ್ ಕಡೆಯಿಂದ ಏಷ್ಯಾದ ಕಡೆಗೆ ಸರಿದಂತೆ ಆ ಆಳ ಕ್ರಮವಾಗಿ ಹೆಚ್ಚುತ್ತಿತ್ತು. ಅಂದರೆ ಭೂಕಂಪಗಳು ಒಂದು ಓರೆ ಹಾಳೆಯ ಮೇಲೆ ಹರಡಿಕೊಂಡಿದ್ದವು. ಮುಂದೆ ಅಮೆರಿಕದ ಹ್ಯೂಗೋ ಬೆನಿಯಾಫ್ ಬೇರೆ ಸಾಗರಗಳ ಅಂಚಿನಲ್ಲೂ ಅದನ್ನೇ ಕಂಡರು. ಆ ಹಾಳೆಯೇ ಮುಳುಗುತ್ತಿರುವ ಫಲಕ ಎಂದು ವಿಜ್ಞಾನಿಗಳು ಒಪ್ಪಿಕೊಳ್ಳಲು 1960ರ ದಶಕ ಬರಬೇಕಾಯಿತು. ವಡಾಟಿಯವರ ಅಂಕಿಗಳು ಅಲ್ಲಿಯತನಕ ಅರ್ಥವಾಗದೆ ಕಾದು ಕುಳಿತಿದ್ದವು. ಜಾವಾ ಸಮುದ್ರದ ಅಡಿಯಲ್ಲಿ ಈ ಹಾಳೆ ಆರುನೂರು ಕಿ.ಮೀ.ಗೂ ಆಳಕ್ಕೆ ಹೋಗುತ್ತದೆ.

ಆದ್ದರಿಂದ ನಕ್ಷೆಯಲ್ಲಿ ನಾವು ಗೆರೆಯಾಗಿ ಕಾಣುವ ಅಂಚು ನಿಜದಲ್ಲಿ ಒಂದು ಇಳಿಜಾರು. ನಿಮ್ಮ ಊರು ಆ ಇಳಿಜಾರಿನ ಯಾವ ಆಳದ ಮೇಲೆ ಕುಳಿತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ದಿನ, ಒಂದೇ ಭೂಕಂಪದಲ್ಲಿ ಒಂದು ಊರು ಏಳುತ್ತದೆ, ಇನ್ನೊಂದು ಮುಳುಗುತ್ತದೆ. ಇನ್ನೂ ಒಳಗಿರುವ ಊರಿನ ಪಾಲಿಗೆ ಬರುವುದು ಬೂದಿ.

ಮೊದಲು ಏಳುವ ಮುಳುಗುವ ಮಾತು.

ಕಂದಕದಿಂದ ಒಳಕ್ಕೆ, ಮೂವತ್ತು ನಲವತ್ತು ಕಿ.ಮೀ. ಆಳದವರೆಗೆ ಬಂಡೆ ತಣ್ಣಗಿದೆ, ಬಿರುಸಾಗಿದೆ. ಅಲ್ಲಿ ಮೇಲಿನ ಫಲಕ, ಕೆಳಗಿನ ಫಲಕ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಕೆಳಗಿನದು ಇಳಿಯುವುದನ್ನು ನಿಲ್ಲಿಸುವುದಿಲ್ಲ, ಕಚ್ಚಿಕೊಂಡ ಮೇಲಿನದರ ತುಟಿಯನ್ನೂ ಎಳೆದುಕೊಂಡೇ ಹೋಗುತ್ತದೆ. ಬಗ್ಗಿಸಿ ಹಿಡಿದ ಬಿದಿರಿನ ಗಳದ ಹಾಗೆ ಮೇಲಿನ ಫಲಕ ನೂರಾರು ವರ್ಷ ಬಾಗುತ್ತದೆ: ಕಂದಕದ ಪಕ್ಕದ ತುಟಿ ತಗ್ಗುತ್ತದೆ, ಅದರ ಹಿಂದಿನ ಭಾಗ ತುಸು ಉಬ್ಬುತ್ತದೆ. ಕಚ್ಚು ಬಿಟ್ಟಾಗ ಎಲ್ಲವೂ ತಿರುಗುಮುರುಗು. ತುಟಿ ಚಿಮ್ಮಿ ಮೇಲೇಳುತ್ತದೆ, ಹಿಂದಿನ ಉಬ್ಬು ಕುಸಿಯುತ್ತದೆ.

2004ರ ಡಿಸೆಂಬರ್ 26ರ ಭಾನುವಾರ ಆದದ್ದು ಇದೇ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 6 ಗಂಟೆ 29 ನಿಮಿಷ. ಸುಮಾತ್ರಾದ ವಾಯವ್ಯ ತುದಿಯ ಕಡಲಡಿಯಲ್ಲಿ ಕಚ್ಚು ಬಿಟ್ಟಿತು. ಬಿರುಕು ಸೆಕೆಂಡಿಗೆ ಎರಡೂವರೆ ಕಿ.ಮೀ. ಆಸುಪಾಸಿನ ವೇಗದಲ್ಲಿ ಉತ್ತರಕ್ಕೆ ಓಡಿ, ನಿಕೋಬಾರ್ ದಾಟಿ, ಅಂಡಮಾನ್‌ನ ಉತ್ತರ ತುದಿಯ ಹತ್ತಿರ ನಿಂತಿತು. ಸೀಳಿದ ಉದ್ದ ಸುಮಾರು 1,300 ಕಿ.ಮೀ., ಬೀದರ್‌ನಿಂದ ಚಾಮರಾಜನಗರಕ್ಕೆ ಇರುವ ನೇರ ದೂರದ ಎರಡು ಪಟ್ಟಿನ ಹತ್ತಿರ. ಹಿಡಿದ ಸಮಯ ಎಂಟು ಹತ್ತು ನಿಮಿಷ. ತೀವ್ರತೆ 9.1. (ಪತ್ರಿಕೆಗಳು ಇಂದಿಗೂ ರಿಕ್ಟರ್ ಮಾಪಕ ಎಂದೇ ಬರೆಯುತ್ತವೆ. ಇಷ್ಟು ದೊಡ್ಡದನ್ನು ಅಳೆಯುವ ಶಕ್ತಿ ರಿಕ್ಟರ್ ಅವರ ಮೂಲ ಮಾಪಕಕ್ಕೆ ಇಲ್ಲ. ಈಗ ಬಳಸುವ ಲೆಕ್ಕ ಬೇರೆ, ಹಳೆಯ ಹೆಸರು ಮಾತ್ರ ಬಿಟ್ಟುಹೋಗಿಲ್ಲ.)

ಗ್ರೇಟ್ ನಿಕೋಬಾರ್‌ನ ದಕ್ಷಿಣ ತುದಿ ಇಂದಿರಾ ಪಾಯಿಂಟ್, ಭಾರತದ ಭೂಭಾಗದ ಕಟ್ಟಕಡೆಯ ತುದಿ. ಅಲ್ಲಿ 1972ರಿಂದ ಒಂದು ದೀಪಸ್ತಂಭ ಇದೆ. ಆ ಬೆಳಿಗ್ಗೆ ಅಲ್ಲಿನ ನೆಲ ಸುಮಾರು 4.25 ಮೀಟರ್ ಕುಸಿಯಿತು. ಒಂದು ಅಂತಸ್ತಿನ ಮನೆಯನ್ನು ಪೂರ್ತಿ ನುಂಗುವಷ್ಟು. ಸುನಾಮಿ ಬಂದು ಹೋದ ಮೇಲೂ ನೀರು ಹಿಂದೆ ಸರಿಯಲಿಲ್ಲ, ಏಕೆಂದರೆ ಏರಿದ್ದು ನೀರಲ್ಲ, ಇಳಿದದ್ದು ನೆಲ. ದಡದ ಮೇಲಿದ್ದ ದೀಪಸ್ತಂಭದ ಬುಡ ಕಡಲೊಳಗೆ ಸೇರಿತು. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯ ಪುರಂ, ಸುಮಾರು ಒಂದು ಮೀಟರ್ ತಗ್ಗಿತು. ಆದರೆ ಇದೇ ದ್ವೀಪಸಾಲಿನ ಉತ್ತರ ಭಾಗದಲ್ಲಿ, ಕಂದಕಕ್ಕೆ ಹತ್ತಿರವಾದ ಪಶ್ಚಿಮ ದಡದಲ್ಲಿ, ಇಂಟರ್‌ವ್ಯೂ ದ್ವೀಪದ ಸುತ್ತಮುತ್ತ ನೆಲ ಒಂದು ಒಂದೂವರೆ ಮೀಟರ್ ಮೇಲೆದ್ದಿತ್ತು. ಉಬ್ಬರದಲ್ಲೂ ನೀರು ತಲುಪದ ಎತ್ತರಕ್ಕೆ ಬಂದ ಹವಳದ ದಂಡೆಗಳು ಬಿಸಿಲಿಗೆ ಬಿದ್ದು, ಸತ್ತು, ಬೆಳ್ಳಗಾದವು. ಅಂಡಮಾನ್ ಮುಳುಗಿತೇ, ಎದ್ದಿತೇ ಎಂದು ಆಗ ಪತ್ರಿಕೆಗಳಲ್ಲಿ ಗೊಂದಲವೋ ಗೊಂದಲ. ಎರಡೂ ನಿಜವಾಗಿತ್ತು. ಪಶ್ಚಿಮದ ದ್ವೀಪಗಳು ತುಟಿಯ ಮೇಲಿದ್ದವು, ಪೂರ್ವ ಮತ್ತು ದಕ್ಷಿಣದವು ಹಿಂದಿನ ಉಬ್ಬಿನ ಮೇಲಿದ್ದವು.

ಚಿಮ್ಮಿದ ತುಟಿ ತನ್ನ ಮೇಲಿನ ಕಡಲನ್ನೂ ಎತ್ತಿ ಹಾಕಿತು. ಕಾರ್ ನಿಕೋಬಾರ್‌ಗೆ ಅಲೆ ಬರಲು ನಿಮಿಷಗಳು ಸಾಕಾದವು. ವಾಯುಪಡೆಯ ನೆಲೆ ಕೊಚ್ಚಿಹೋಯಿತು. ತೆರೆದ ಸಾಗರದಲ್ಲಿ ಜೆಟ್ ವಿಮಾನದ ವೇಗದಲ್ಲಿ ಬಂದರೂ ಚೆನ್ನೈ, ನಾಗಪಟ್ಟಣಗಳಿಗೆ ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. ಆ ಎರಡು ಗಂಟೆಗಳಲ್ಲಿ ಯಾರೂ ಯಾರಿಗೂ ಹೇಳಲಿಲ್ಲ. ಹದಿನಾಲ್ಕು ದೇಶಗಳಲ್ಲಿ 2,27,000ಕ್ಕೂ ಹೆಚ್ಚು ಜನ ತೀರಿಕೊಂಡರು.

ಈಗ ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಭೂಕಂಪಮಾಪಕ ಬಂದು ನೂರು ಚಿಲ್ಲರೆ ವರ್ಷವಾಯಿತು. ಈ ಬಾಗುವಿಕೆಗೋ ಇನ್ನೂರು, ಐನೂರು ವರ್ಷ ಬೇಕು. ಅಷ್ಟು ಹಿಂದಿನ ಲೆಕ್ಕವನ್ನು ಯಾರು ಬರೆದಿಟ್ಟಿದ್ದಾರೆ? ಹವಳ ಬರೆದಿಟ್ಟಿದೆ. ಸುಮಾತ್ರಾದ ಪಶ್ಚಿಮಕ್ಕೆ ಮೆಂತಾವಾಯ್ ಎಂಬ ದ್ವೀಪಗಳಿವೆ, ಸರಿಯಾಗಿ ತುಟಿಯ ಮೇಲೆ. ಅಲ್ಲಿನ ಆಳವಿಲ್ಲದ ನೀರಿನಲ್ಲಿ ದುಂಡಗೆ ಬೆಳೆಯುವ ಹವಳಗಳಿವೆ. ಕಡಲ ಇಳಿತದ ಕನಿಷ್ಠ ಮಟ್ಟಕ್ಕಿಂತ ಮೇಲೆ ಅವು ಬದುಕಲಾರವು. ತಲೆ ಆ ಮಟ್ಟ ಮುಟ್ಟಿದೊಡನೆ ಮೇಲ್ಭಾಗ ಸಾಯುತ್ತದೆ, ಹವಳ ಅಲ್ಲಿಂದ ಮುಂದೆ ಅಗಲಕ್ಕೆ ಮಾತ್ರ ಬೆಳೆಯುತ್ತದೆ. ದ್ವೀಪ ನಿಧಾನವಾಗಿ ತಗ್ಗುತ್ತಿದ್ದರೆ ಹವಳಕ್ಕೆ ವರ್ಷವರ್ಷವೂ ಒಂದಿಷ್ಟು ಹೆಚ್ಚು ನೀರು ಸಿಗುತ್ತದೆ. ಆಗ ಹೊರ ಅಂಚು ನಡುಭಾಗಕ್ಕಿಂತ ಎತ್ತರಕ್ಕೆ ಬೆಳೆದು ಬಟ್ಟಲಿನ ಆಕಾರ ಬರುತ್ತದೆ. ದ್ವೀಪ ಒಮ್ಮೆಲೇ ಮೇಲೆದ್ದರೆ ನೀರಿಗಿಂತ ಮೇಲೆ ಬಂದ ಭಾಗವೆಲ್ಲ ಸತ್ತು, ಬುಡದ ಸುತ್ತ ಮಾತ್ರ ಹೊಸ ಬೆಳವಣಿಗೆ. ಅದು ಅಂಚಿರುವ ಟೋಪಿಯ ಆಕಾರ. ಮರದ ಉಂಗುರಗಳಂತೆ ಒಳಗೆ ವಾರ್ಷಿಕ ಪದರಗಳೂ ಇರುವುದರಿಂದ ಯಾವ ವರ್ಷ ಏನಾಯಿತೆಂದು ಎಣಿಸಬಹುದು.

ಅಮೆರಿಕದ ಕ್ಯಾಲ್‌ಟೆಕ್‌ನ ಭೂವಿಜ್ಞಾನಿ ಕೆರಿ ಸೀ ಮತ್ತು ಅವರ ಇಂಡೊನೇಷ್ಯಾದ ಜೊತೆಗಾರರು ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿಗಿಳಿದು, ಯಂತ್ರದ ಗರಗಸದಿಂದ ಈ ಹವಳಗಳನ್ನು ಹಲಗೆಗಳಂತೆ ಸೀಳಿ ತಂದರು. ಹಲಗೆಗಳನ್ನು ಓದಿದಾಗ 1797 ಮತ್ತು 1833ರ ಮಹಾಭೂಕಂಪಗಳು ಸಿಕ್ಕವು, ಅವುಗಳ ನಡುವೆಯೂ ಆಮೇಲೂ ದ್ವೀಪಗಳು ಮಿಲಿಮೀಟರ್ ಲೆಕ್ಕದಲ್ಲಿ ತಗ್ಗುತ್ತಾ ಬಂದದ್ದೂ ಸಿಕ್ಕಿತು. ಮುಂದಿನದು ಬರುವುದು ಖಂಡಿತ ಎಂಬುದು ಅವರಿಗೆ ಎಷ್ಟು ಸ್ಪಷ್ಟವಾಯಿತೆಂದರೆ, 2004ರ ನಡುಭಾಗದಲ್ಲಿ ಅವರು ಆ ದ್ವೀಪಗಳಲ್ಲಿ ಭೂಕಂಪ, ಸುನಾಮಿ ಕುರಿತ ಭಿತ್ತಿಪತ್ರಗಳನ್ನು ಹಂಚಿದರು. ಕೆಲವೇ ತಿಂಗಳಲ್ಲಿ ಕಚ್ಚು ಬಿಟ್ಟಿತು. ಬಿಟ್ಟದ್ದು ಮಾತ್ರ ಅವರು ನೋಡುತ್ತಿದ್ದ ತುಂಡಲ್ಲ, ಅದರ ಉತ್ತರದ್ದು. ನನ್ನ ಮಟ್ಟಿಗೆ ಭೂಕಂಪ ವಿಜ್ಞಾನದ ಶಕ್ತಿಯೂ ಮಿತಿಯೂ ಈ ಒಂದು ಘಟನೆಯಲ್ಲಿವೆ. 2005ರ ಮಾರ್ಚ್ 28ರಂದು ನಡುವಿನ ತುಂಡು ಬಿಟ್ಟು ನಿಯಾಸ್ ದ್ವೀಪದ ಒಂದು ಕಡಲಂಚು ಸುಮಾರು ಮೂರು ಮೀಟರ್ ಮೇಲೆದ್ದಿತು.

ಇನ್ನು ಇಳಿಜಾರಿನ ಕೆಳಭಾಗ. ಕಂದಕದಿಂದ ಇನ್ನೂರು ಮುನ್ನೂರು ಕಿ.ಮೀ. ಒಳಗೆ ಬಂದರೆ ಫಲಕದ ಮೇಲ್ಮೈ ನಿಮ್ಮ ಕಾಲಿನಿಂದ ಸುಮಾರು ನೂರು ಕಿ.ಮೀ. ಕೆಳಗಿರುತ್ತದೆ. ಜ್ವಾಲಾಮುಖಿಗಳ ಸಾಲು ಬರುವುದು ಅಲ್ಲೇ. ಇಳಿದ ಫಲಕ ಕರಗಿ ಲಾವಾ ಆಗುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಹಳೆಯ ಪುಸ್ತಕಗಳಲ್ಲಿ ಹಾಗೆಯೇ ಬರೆದಿದೆ. ಇಲ್ಲಿ ಕಾರಣಕರ್ತ ನೀರು. ಕೋಟ್ಯಂತರ ವರ್ಷ ಕಡಲ ತಳದಲ್ಲಿದ್ದ ಬಂಡೆ ತನ್ನ ಖನಿಜಗಳ ಒಳಗೆ ನೀರನ್ನು ಕಟ್ಟಿಕೊಂಡಿರುತ್ತದೆ. ಆಳದ ಒತ್ತಡ, ಶಾಖಗಳಿಗೆ ಆ ಖನಿಜಗಳು ಒಡೆದು ನೀರನ್ನು ಬಿಟ್ಟುಕೊಡುತ್ತವೆ. ನೀರು ಫಲಕದ ಮೇಲಿರುವ ಮ್ಯಾಂಟಲ್ (ಭೂಚಿಪ್ಪಿನ ಕೆಳಗಿನ ಪದರ) ಬಂಡೆಗೆ ಸೇರಿದಾಗ ಆ ಬಂಡೆ ನೂರಾರು ಡಿಗ್ರಿ ಕಡಿಮೆ ಶಾಖದಲ್ಲೇ ಕರಗತೊಡಗುತ್ತದೆ. ಅದೇ ಶಿಲಾಪಾಕವಾಗಿ ಮೇಲೇರುತ್ತದೆ. ಮೇಲೆ ಬಂದಂತೆ ಒತ್ತಡ ಇಳಿದು, ಕರಗಿಕೊಂಡಿದ್ದ ನೀರು ಆವಿಯಾಗಿ ಹಿಗ್ಗುತ್ತದೆ. ಹವಾಯಿಯ ಲಾವಾ ಸಾಮಾನ್ಯವಾಗಿ ಹರಿಯುತ್ತದೆ, ಇಂಡೊನೇಷ್ಯಾದ ಬೆಟ್ಟಗಳು ಆಗಾಗ ಸಿಡಿಯುತ್ತವೆ. ಈ ವ್ಯತ್ಯಾಸದಲ್ಲಿ ನೀರಿನ ಪಾಲು ದೊಡ್ಡದು.

ಭಾರತದಲ್ಲಿ ಈ ಸಾಲಿಗೆ ಸೇರಿದ ಜೀವಂತ ಜ್ವಾಲಾಮುಖಿ ಒಂದೇ: ಬ್ಯಾರನ್ ದ್ವೀಪ. ಶ್ರೀ ವಿಜಯ ಪುರಂನಿಂದ ಈಶಾನ್ಯಕ್ಕೆ ಸುಮಾರು 140 ಕಿ.ಮೀ. ಮೂರು ಕಿ.ಮೀ. ಅಗಲದ, ಜನವಸತಿಯಿಲ್ಲದ ದ್ವೀಪ. ಕಡಲ ಮೇಲೆ ಕಾಣುವುದು 350 ಮೀಟರ್ ಎತ್ತರ ಮಾತ್ರ, ಬೆಟ್ಟದ ಬುಡ ಎರಡು ಕಿ.ಮೀ.ಗೂ ಕೆಳಗೆ ಸಮುದ್ರದ ತಳದಲ್ಲಿದೆ. 1787ರಲ್ಲಿ ಸಿಡಿದದ್ದು ದಾಖಲಾಯಿತು, 1832ರ ನಂತರ ತಣ್ಣಗಾಯಿತು. ಸತ್ತೇಹೋಯಿತು ಎಂದುಕೊಂಡಿದ್ದಾಗ 1991ರಲ್ಲಿ ಮತ್ತೆ ಎದ್ದಿತು. 2005ರ ಮೇ ತಿಂಗಳಿನಲ್ಲಿ ಮತ್ತೆ. ಸುಮಾತ್ರಾ ಭೂಕಂಪವೇ ಇದನ್ನು ಎಬ್ಬಿಸಿತೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಭೂಕಂಪವಾದ ಒಂದೆರಡು ದಿನಗಳಲ್ಲೇ ಬಾರಾಟಾಂಗ್ ದ್ವೀಪದ ಕೆಸರು ಬುಗ್ಗೆ ಉಕ್ಕಿತು. ಅದಕ್ಕೆ ಕಂಪನವೇ ಕಾರಣ ಎನ್ನಲು ನನಗೆ ಹಿಂಜರಿಕೆಯಿಲ್ಲ. ಅಲುಗಿದ ನೆಲದಿಂದ ಕೆಸರು, ಅನಿಲ ಹೊರಬರುವುದು ಸಹಜ. ಬ್ಯಾರನ್ ವಿಷಯದಲ್ಲಿ ಅಷ್ಟು ಧೈರ್ಯ ನನಗಿಲ್ಲ. 1991ರಲ್ಲಿ, 1994–95ರಲ್ಲಿ ಅದು ಯಾವ ಮಹಾಭೂಕಂಪದ ಸಹಾಯವೂ ಇಲ್ಲದೆ ಎದ್ದಿತ್ತಲ್ಲ. ಐದು ತಿಂಗಳ ಅಂತರದಲ್ಲಿ ಆದ ಎರಡು ಘಟನೆಗಳನ್ನು ಗಂಟು ಹಾಕಲು ಅದೊಂದೇ ಸಾಲದು.

ಈ ಸಾಲಿನ ಅತಿ ದೊಡ್ಡ ಸ್ಫೋಟದ ಗುರುತು ನಮ್ಮ ಮನೆಬಾಗಿಲಲ್ಲೇ ಇದೆ. ಉತ್ತರ ಸುಮಾತ್ರಾದ ತೋಬಾ ಸರೋವರ ಸುಮಾರು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲ. ಅದು ಸುಮಾರು 74,000 ವರ್ಷಗಳ ಹಿಂದೆ ಸಿಡಿದ ಜ್ವಾಲಾಮುಖಿಯ ಕುಸಿದ ಬಾಯಿ. ಅದರ ಬೂದಿ ಬಂಗಾಳ ಕೊಲ್ಲಿ ದಾಟಿ, 2,600 ಕಿ.ಮೀ. ದೂರದ ಆಂಧ್ರದ ಜ್ವಾಲಾಪುರಂ ಎಂಬ ಹಳ್ಳಿಯ ಕಣಿವೆಗೂ ಬಂದು ಬಿತ್ತು. ಮಳೆನೀರು ಸುತ್ತಲಿನ ಬೂದಿಯನ್ನೂ ಕಣಿವೆಗೆ ತಂದು ಸೇರಿಸಿದ್ದರಿಂದ ಕೆಲವೆಡೆ ಪದರ ಆಳೆತ್ತರವನ್ನು ಮೀರುತ್ತದೆ. ಆ ನುಣುಪಾದ ಬಿಳಿ ಪುಡಿಯನ್ನು ಅಗೆದು ಮಾರುವವರೂ ಅಲ್ಲಿದ್ದರು. ಪುರಾತತ್ವಜ್ಞರಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಉತ್ಖನನ ನಡೆಸಿತು. ಬೂದಿ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳು ಸಿಕ್ಕವು, ಎರಡರ ತಯಾರಿಕೆಯಲ್ಲೂ ದೊಡ್ಡ ವ್ಯತ್ಯಾಸವಿರಲಿಲ್ಲ. 2007ರಲ್ಲಿ ಈ ಫಲಿತಾಂಶ ಪ್ರಕಟವಾದಾಗ, ತೋಬಾ ಮನುಕುಲವನ್ನೇ ಬಹುಪಾಲು ಅಳಿಸಿಹಾಕಿತ್ತು ಎಂಬ ವಾದಕ್ಕೆ ಪೆಟ್ಟು ಬಿತ್ತು. ಆ ಬೂದಿಯನ್ನು ನೋಡಿದ ಜನ ಅದೇ ಕಣಿವೆಯಲ್ಲಿ ಬದುಕು ಮುಂದುವರಿಸಿದ್ದರು ಎಂಬ ಅರ್ಥ ನನಗೆ ಹೆಚ್ಚು ಒಪ್ಪಿಗೆ.

ಸುಮಾತ್ರಾ, ಜಾವಾಗಳ ನಡುವಿನ ಜ್ವಾಲಾಮುಖಿ ದ್ವೀಪ ಕ್ರಕಟೋವಾದ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 1883ರ ಆಗಸ್ಟ್ 27. ಅದು ಸಿಡಿದ ಸದ್ದು ಹಿಂದೂ ಮಹಾಸಾಗರದಾಚೆ 4,800 ಕಿ.ಮೀ. ದೂರದ ರಾಡ್ರಿಗ್ಸ್ ದ್ವೀಪದಲ್ಲಿ ಫಿರಂಗಿಯಂತೆ ಕೇಳಿಸಿತು. ಸತ್ತ 36,000ಕ್ಕೂ ಹೆಚ್ಚು ಜನರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ಸುನಾಮಿ. 1927ರಲ್ಲಿ ಅದೇ ಜಾಗದಲ್ಲಿ ಕಡಲಿನಿಂದ ಹೊಸ ಬೆಟ್ಟವೊಂದು ತಲೆಯೆತ್ತಿತು. ಅದನ್ನು ಅನಾಕ್ ಕ್ರಕಟೋವಾ, ಅಂದರೆ ಕ್ರಕಟೋವಾದ ಕೂಸು, ಎಂದು ಕರೆದರು. 2018ರ ಡಿಸೆಂಬರ್ 22ರ ರಾತ್ರಿ ಆ ಕೂಸಿನ ಒಂದು ಪಕ್ಕ ಕಡಲಿಗೆ ಜಾರಿ, ಎದ್ದ ಅಲೆಗೆ ನಾನೂರಕ್ಕೂ ಹೆಚ್ಚು ಜನ ಬಲಿಯಾದರು. ಮುನ್ನೆಚ್ಚರಿಕೆ ವ್ಯವಸ್ಥೆ ಕಾದು ಕುಳಿತದ್ದು ಭೂಕಂಪಕ್ಕೆ. ಬಂದದ್ದು ಭೂಕುಸಿತ.

ಹಾಗಾದರೆ ನಾವು, ಫಲಕದ ನಡುವೆ ಇರುವವರು, ನಿಶ್ಚಿಂತರೇ? ಬೀದರ್, ಕಲಬುರಗಿ ಕಡೆಯವರು ಈ ಪ್ರಶ್ನೆಗೆ ತಲೆಯಾಡಿಸುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಆದದ್ದು ನಡುಫಲಕದ ಭೂಕಂಪ. ತೀವ್ರತೆ 6.2. ಹೊರಬಿದ್ದ ಶಕ್ತಿ 2004ರದ್ದಕ್ಕೆ ಹೋಲಿಸಿದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆದರೂ ಕಲ್ಲು ಮಣ್ಣಿನ ಭಾರದ ಮನೆಗಳಲ್ಲಿ ಮಲಗಿದ್ದ ಸಾವಿರಾರು ಜನ ಏಳಲಿಲ್ಲ. ನಡುಫಲಕದಲ್ಲಿ ಭೂಕಂಪ ಅಪರೂಪ. ಅಪರೂಪವಾದದ್ದಕ್ಕೆ ಯಾರೂ ಮನೆ ಕಟ್ಟುವ ಕ್ರಮ ಬದಲಿಸುವುದಿಲ್ಲ.

2012ರ ಏಪ್ರಿಲ್ 11ರ ಮಧ್ಯಾಹ್ನ ಬೆಂಗಳೂರಿನ ಎತ್ತರದ ಕಟ್ಟಡಗಳಿಂದ ಜನ ಹೊರಗೆ ಬಂದು ನಿಂತದ್ದು ಕೆಲವರಿಗೆ ನೆನಪಿರಬಹುದು. ಅದರ ಕೇಂದ್ರ ಸುಮಾತ್ರಾದ ಪಶ್ಚಿಮಕ್ಕೆ, ಕಂದಕದ ಈಚೆ ಬದಿಯಲ್ಲಿ, ಅಂದರೆ ಇನ್ನೂ ಇಳಿಯದ ಫಲಕದೊಳಗೇ ಇತ್ತು. ತೀವ್ರತೆ 8.6, ಎರಡು ಗಂಟೆಯ ನಂತರ ಇನ್ನೊಂದು, 8.2. ಬಂಡೆಗಳು ಮೇಲೆ ಕೆಳಗೆ ಸರಿಯದೆ ಅಡ್ಡಡ್ಡ ಸರಿದದ್ದರಿಂದ ದೊಡ್ಡ ಸುನಾಮಿ ಏಳಲಿಲ್ಲ. ಭಾರತ ಮತ್ತು ಆಸ್ಟ್ರೇಲಿಯಾ ಫಲಕಗಳು ಪರಸ್ಪರ ಬೇರೆಯಾಗುತ್ತಿರುವುದರ ಲಕ್ಷಣ ಇದು ಎಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಹಾಗಿದ್ದರೆ ಹೊಸದೊಂದು ಅಂಚು ನಮ್ಮ ಕಾಲದಲ್ಲೇ ಹುಟ್ಟುತ್ತಿದೆ. ಭೂವಿಜ್ಞಾನದಲ್ಲಿ ‘ನಮ್ಮ ಕಾಲ’ ಎಂದರೆ ಹತ್ತಿಪ್ಪತ್ತು ಲಕ್ಷ ವರ್ಷ, ಗಾಬರಿಯಾಗಬೇಡಿ.

ಎಚ್ಚರಿಕೆಯ ವ್ಯವಸ್ಥೆ ಈಗ ಇದೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಲ್ಲಿ 2007ರಿಂದ ಸುನಾಮಿ ಕೇಂದ್ರ ಕೆಲಸ ಮಾಡುತ್ತಿದೆ. ಇನ್ನೊಂದು 2004 ಬಂದರೆ ಚೆನ್ನೈಗೆ ಖಂಡಿತ ಸುದ್ದಿ ತಲುಪುತ್ತದೆ. ಆದರೆ ಇಳಿಜಾರಿನ ಮೇಲೆಯೇ ಕುಳಿತವರಿಗೆ ಹೈದರಾಬಾದಿನ ಸುದ್ದಿಗಾಗಿ ಕಾಯುವ ವ್ಯವಧಾನ ಇರುವುದಿಲ್ಲ. ಸುಮಾತ್ರಾ ಪಕ್ಕದ ಸಿಮೆಲೂ ದ್ವೀಪ 2004ರ ಬಿರುಕಿಗೆ ಅತಿ ಹತ್ತಿರದಲ್ಲಿತ್ತು. ಅಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಜ್ಜ ಅಜ್ಜಿಯರು ಅದನ್ನು ಮೊಮ್ಮಕ್ಕಳಿಗೆ ಕಥೆಯಾಗಿ, ಜೋಗುಳವಾಗಿ ಹೇಳುತ್ತಾ ಬಂದರು: ನೆಲ ಜೋರಾಗಿ ಅಲುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರಲ್ಲಿ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ.

ಕೊನೆಗೆ ಎಲ್ಲ ಕಡೆಯೂ ಕೇಳುವ ಪ್ರಶ್ನೆ ಇಲ್ಲಿಯೂ ಬಂತು: ಮುಂದಿನದು ಯಾವಾಗ? ಥಾಯ್ಲೆಂಡಿನ ಫ್ರಾ ಥಾಂಗ್ ದ್ವೀಪದ ಜವುಗಿನಲ್ಲಿ ಅಗೆದಾಗ, 2004ರಂಥ ಹಿಂದಿನ ಅಲೆ ತಂದು ಹಾಕಿದ ಮರಳಿನ ಪದರ ಸಿಕ್ಕಿತು. ವಯಸ್ಸು 550ರಿಂದ 700 ವರ್ಷ. ಹಾಗಾದರೆ ಇನ್ನು ಐನೂರು ವರ್ಷ ನಿಶ್ಚಿಂತೆ ಎಂದು ಲೆಕ್ಕ ಹಾಕಲು ಮನಸ್ಸಾಗುತ್ತದೆ. ಆ ಲೆಕ್ಕವನ್ನು ಸುಮಾತ್ರಾದ ಅಚೇ ಪ್ರಾಂತ್ಯದ ಒಂದು ಕಡಲಂಚಿನ ಗವಿ ಕೆಡಿಸಿತು. ಅದರ ಬಾಯಿಯಲ್ಲಿ ಬಂಡೆಯ ಹೊಸ್ತಿಲಿದೆ, ಬಿರುಗಾಳಿಯ ಅಲೆ ಒಳಗೆ ಬಾರದು, ಸುನಾಮಿ ಮಾತ್ರ ಬರಬಲ್ಲದು. ಒಳಗೆ ಬಾವಲಿಗಳ ಹಿಕ್ಕೆಯ ಕಪ್ಪು ಪದರ, ಅದರ ಮೇಲೆ ಸುನಾಮಿ ತಂದ ಮರಳು, ಮತ್ತೆ ಹಿಕ್ಕೆ, ಮತ್ತೆ ಮರಳು. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಹನ್ನೊಂದು ಪ್ರಾಚೀನ ಸುನಾಮಿಗಳ ಗುರುತಿದೆ. ಒಮ್ಮೆ ಎರಡು ಸಾವಿರಕ್ಕೂ ಹೆಚ್ಚು ವರ್ಷ ಏನೂ ಬಂದಿಲ್ಲ. ಇನ್ನೊಮ್ಮೆ ನೂರು ವರ್ಷದೊಳಗೆ ನಾಲ್ಕು ಬಂದಿವೆ. ಸರಾಸರಿ ತೆಗೆದರೆ ಒಂದು ಸಂಖ್ಯೆ ಬರುತ್ತದೆ, ಅದು ಯಾರ ಉಪಯೋಗಕ್ಕೂ ಬಾರದು.

ಯಾವಾಗ ಎನ್ನುವುದರ ಬದಲು ಎಲ್ಲಿ ಎಂದು ಕೇಳಿದರೆ ಉತ್ತರ ಕೊಡಬಹುದು. ಹವಳದ ಹಲಗೆಗಳನ್ನು ತೆಗೆದ ಅದೇ ಮೆಂತಾವಾಯ್ ಸಾಲಿನಲ್ಲಿ, ಸಿಬೆರುಟ್ ದ್ವೀಪದ ಅಡಿಯ ತುಂಡು 1797ರಿಂದ ಈಚೆಗೆ ಪೂರ್ತಿಯಾಗಿ ಬಿಟ್ಟಿಲ್ಲ. 2007ರಲ್ಲಿ, 2010ರಲ್ಲಿ ಅದರ ದಕ್ಷಿಣದ ಭಾಗಗಳು ಅಲ್ಲಲ್ಲಿ ಬಿಟ್ಟವು, ಇದು ಹಾಗೇ ಉಳಿಯಿತು. ಎದುರಿನ ದಡದಲ್ಲಿ ಒಂಬತ್ತು ಲಕ್ಷ ಜನರ ಪಡಾಂಗ್ ನಗರ, ಬಹುಪಾಲು ಸಮತಟ್ಟು. ಅಲೆ ತಲುಪಲು ಅರ್ಧ ಗಂಟೆಯ ಆಸುಪಾಸು. ಅಷ್ಟರಲ್ಲಿ ಗುಡ್ಡ ಸೇರುವುದು ಎಲ್ಲರಿಗೂ ಆಗದ ಮಾತು. ಹಾಗಾಗಿ 2009ರ ಭೂಕಂಪದ ಆಚೆಗೆ ಅಲ್ಲಿ ಕಟ್ಟಿದ ಕೆಲವು ಶಾಲೆಗಳ ತಾರಸಿಯನ್ನೂ ನಗರದ ದೊಡ್ಡ ಮಸೀದಿಯ ಮೇಲಂತಸ್ತನ್ನೂ, ಜನ ಓಡಿ ಹತ್ತಿ ನಿಲ್ಲುವುದಕ್ಕೆಂದೇ ಗಟ್ಟಿಮಾಡಿದ್ದಾರೆ.